ಸಭಾಸೇವಕರಾಗಿ ಆಯ್ಕೆಯಾದಿರಿ, ಸೋಮವಾರದಿಂದ ಏನು ಮಾಡುತ್ತೀರಿ?

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮೂರು ವರ್ಷಕ್ಕೊಮ್ಮೆ ಸಭಾಸೇವಕರ (ಇಂಗ್ಲಿಷಿನಲ್ಲಿ ಡೀಕನ್) ಆಯ್ಕೆ ನಡೆಯುತ್ತದೆ. ಹೆಸರು ಓದಿದ ಭಾನುವಾರ ಪಾಸ್ಟರ್ ಅವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಎಲ್ಲರೂ ಕೈಕುಲುಕುತ್ತಾರೆ, ಪಾಸ್ಟರಮ್ಮನವರು ಕೇಸರಿಬಾತ್ ಹಂಚುತ್ತಾರೆ. ಸೋಮವಾರದಿಂದ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಹೊಸಬರಲ್ಲಿ ಕೆಲವರು ಬಿಳಿ ಅಂಗಿ ಹೊಲಿಸಿಕೊಂಡು ಮುಂದಿನ ಸಾಲಿಗೆ ಬರುತ್ತಾರೆ, ಕೆಲವರು ಮೈಕಿನ ಸುತ್ತ ಸುಳಿಯುತ್ತಾರೆ. ಎರಡು ಕಡೆಯೂ ನಿಮಗೆ ಕೆಲಸವಿಲ್ಲ. ನಿಮ್ಮ ಕೆಲಸ ಬಾಗಿಲ ಬಳಿ, ಅಡುಗೆಮನೆಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ, ನಾಡಕಚೇರಿಯ ಸಾಲಿನಲ್ಲಿ, ಸಮಾಧಿ ಸ್ಥಳದಲ್ಲಿ.

ನಾನು ಮೈಸೂರಿನವನು. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಸ್ಟೋರ್‌ನಲ್ಲಿ ದುಡಿದು ನಿವೃತ್ತನಾದವನು. ಸ್ಟೋರ್‌ನಲ್ಲಿ ಕಾರ್ಡಿನಲ್ಲಿ ಬರೆದ ಸಂಖ್ಯೆಗೂ ಗೂಡಿನಲ್ಲಿರುವ ಬೋಲ್ಟುಗಳಿಗೂ ತಾಳೆಯಾಗದಿದ್ದರೆ ಆ ದಿನ ಮನೆಗೆ ಹೋಗುವಂತಿರಲಿಲ್ಲ. ಸಭೆಯ ಪಟ್ಟಿಗೂ ಸಭೆಯ ಮನೆಗಳಿಗೂ ಅಂಥದ್ದೇ ತಾಳೆ ಬೇಕು ಎಂಬುದು ನನ್ನ ಹಟ. ಈ ಹಟದಿಂದ ಕೆಲವರಿಗೆ ನನ್ನ ಮೇಲೆ ಬೇಸರವೂ ಇದೆ. ಇರಲಿ.

ಮೊದಲು ಒಂದು ಸ್ಪಷ್ಟನೆ. ಎಲ್ಲ ಸಭೆಗಳಲ್ಲೂ ಈ ಸೇವೆ ಒಂದೇ ಬಗೆಯದಲ್ಲ. ಕಥೋಲಿಕರಲ್ಲಿ ಡೀಕನ್ ಎಂದರೆ ಬಿಷಪರ ಕೈಯಿಂದ ದೀಕ್ಷೆ ಪಡೆದವರು. ಅವರು ದೀಕ್ಷಾಸ್ನಾನ ಕೊಡಬಹುದು, ಮದುವೆ ನಡೆಸಬಹುದು, ಪ್ರಬೋಧನೆ ಮಾಡಬಹುದು. ಬಲಿಪೂಜೆ ಅರ್ಪಿಸುವುದು, ಪಾಪನಿವೇದನೆ ಕೇಳುವುದು ಗುರುಗಳಿಗೆ (ಪಾದ್ರಿಗಳಿಗೆ) ಮಾತ್ರ ಸೇರಿದ್ದು. ನಮ್ಮ ಕಡೆ ಹೆಚ್ಚಿನವರಿಗೆ ಅದು ಗುರುದೀಕ್ಷೆಯ ಮುಂಚಿನ ಮೆಟ್ಟಿಲು. ಮದುವೆಯಾದ ಗಂಡಸರೂ ಕೊನೆಯವರೆಗೆ ಡೀಕನ್ ಆಗಿಯೇ ಇರಲು ಅವಕಾಶವಾಗುವಂತೆ ಆ ಹಳೆಯ ಪದ್ಧತಿಯನ್ನು ಆರನೆಯ ಪೌಲ್ ಪೋಪರು 1967ರಲ್ಲಿ ಮತ್ತೆ ತಂದರು. 1947ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಬಿಷಪ್, ಪ್ರೆಸ್ಬಿಟರ್ (ಪಾದ್ರಿ), ಡೀಕನ್ ಎಂಬ ಮೂರು ದರ್ಜೆಗಳಿವೆ. ಅಲ್ಲೂ ಡೀಕನ್ ಆದವರು ಸಾಮಾನ್ಯವಾಗಿ ಮುಂದೆ ಪ್ರೆಸ್ಬಿಟರ್ ಆಗುತ್ತಾರೆ. ನಾನು ಬರೆಯುತ್ತಿರುವುದು ಬ್ಯಾಪ್ಟಿಸ್ಟ್ ಸಭೆಗಳು ಮತ್ತು ನಮ್ಮಂಥ ಸಣ್ಣ ಸ್ವತಂತ್ರ ಸಭೆಗಳ ಬಗ್ಗೆ. ಇಲ್ಲಿ ಸಭಾಸೇವಕನಾಗುವವನು ವಾರವೆಲ್ಲ ಬಸ್ಸು ಓಡಿಸುವವನೋ, ಶಾಲೆಯಲ್ಲಿ ಪಾಠ ಹೇಳುವವಳೋ, ಮಗ್ಗದ ಕಾರ್ಖಾನೆಯಲ್ಲಿ ದುಡಿಯುವವನೋ ಆಗಿರುತ್ತಾನೆ. ಸಂಬಳವಿಲ್ಲ, ನಿಲುವಂಗಿಯಿಲ್ಲ.

ಪಟ್ಟಿ

ಆಯ್ಕೆಯಾದ ವಾರವೇ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಆರನೆಯ ಅಧ್ಯಾಯದ ಮೊದಲ ಆರು ವಚನಗಳನ್ನು ನಿಧಾನವಾಗಿ ಓದಿಕೊಳ್ಳಿ. ಈ ಸೇವೆಯ ಮೂಲ ಅಲ್ಲಿದೆ ಎಂದು ಸಭೆ ಹಿಂದಿನಿಂದ ನಂಬಿಕೊಂಡು ಬಂದಿದೆ. ಯೆರೂಸಲೇಮಿನಲ್ಲಿ ದಿನವೂ ಊಟ ಹಂಚುವಾಗ ಗ್ರೀಕ್ ಮಾತನಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ಇಬ್ರಿಯ ಮಾತಿನ ವಿಧವೆಯರಿಗೆ ಸಿಗುತ್ತಿತ್ತು, ಇವರಿಗೆ ಇಲ್ಲ. ಗೊಣಗಾಟ ಶುರುವಾಯಿತು. ಅಪೊಸ್ತಲರು, ಅಂದರೆ ಯೇಸುವಿನ ಮೊದಲ ಶಿಷ್ಯರು, ಗೊಣಗಿದವರನ್ನು ಗದರಿಸಲಿಲ್ಲ. ಒಳ್ಳೆಯ ಹೆಸರಿರುವ ಏಳು ಮಂದಿಯನ್ನು ನೀವೇ ಆರಿಸಿಕೊಡಿ ಎಂದರು. ಜನ ಆರಿಸಿದರು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ಅಜ್ಜಿಯರಿಗೆ ಊಟ ತಪ್ಪಿತ್ತೋ ಅವರ ಕಡೆಯವರ ಕೈಗೇ ಇಡೀ ಸಭೆಯ ಹಂಚಿಕೆಯನ್ನು ಒಪ್ಪಿಸಿದಂತೆ ಕಾಣುತ್ತದೆ. ಇದನ್ನು ನಮ್ಮ ಸಮಿತಿಯವರಿಗೆ ಎಷ್ಟು ಸಲ ಹೇಳಿದರೂ ಸಾಲದು.

ನಮ್ಮಲ್ಲೂ ಹೀಗೆಯೇ ಆಗಿತ್ತು. ಕ್ರಿಸ್‌ಮಸ್‌ಗೆ ವಿಧವೆಯರಿಗೆ ಸೀರೆ ಕೊಡುವ ಪದ್ಧತಿ ಹಿಂದಿನಿಂದ ಇದೆ. ಪ್ರಕಟಣೆ ಕನ್ನಡದಲ್ಲಿ, ಹೆಸರು ಬರೆಸುವುದು ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ. ತಮಿಳು ಮನೆಮಾತಿನ ಮೂರು ನಾಲ್ಕು ಅಜ್ಜಿಯರು ಹಾಡಿಗೆ ಬಂದು, ಪ್ರಸಂಗ ಕೇಳಿ, ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ಅವರ ಹೆಸರು ಪಟ್ಟಿಯಲ್ಲಿ ಒಮ್ಮೆಯೂ ಬರಲಿಲ್ಲ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಪಟ್ಟಿ ಮಾಡುವವರಿಗೆ ತಮಿಳು ಬರುತ್ತಿರಲಿಲ್ಲ, ಅಷ್ಟೆ. ಒಂದು ವರ್ಷ ಅವರಲ್ಲೊಬ್ಬರ ಮಗಳು ಸಭೆಯ ನಡುವೆ ಎದ್ದು ನಿಂತು ಜೋರಾಗಿಯೇ ಕೇಳಿದಳು. ಮುಂದಿನ ಆಯ್ಕೆಯಲ್ಲಿ ಆಕೆಯ ಹೆಸರನ್ನು ನಾನು ಸೂಚಿಸಿದೆ. ಇವತ್ತಿಗೂ ನಮ್ಮ ಪಟ್ಟಿಯನ್ನು ಆಕೆಯಷ್ಟು ಚೆನ್ನಾಗಿ ಇಡುವವರು ಬೇರೆ ಯಾರೂ ಇಲ್ಲ.

ಪಟ್ಟಿಗೆ ಉದ್ದದ ರೂಲು ಪುಸ್ತಕ ತೆಗೆದುಕೊಳ್ಳಿ. ಮನೆಗೊಂದು ಪುಟ. ಮನೆಯಲ್ಲಿ ಯಾರು ಯಾರಿದ್ದಾರೆ, ಮನೆಮಾತು ಯಾವುದು, ಬಸ್ ನಿಲ್ದಾಣದಿಂದ ದಾರಿ ಹೇಗೆ, ಯಾರಿಗೆ ರಾತ್ರಿ ಪಾಳಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಪಡಿತರ ಚೀಟಿ ಇದೆಯೇ, ಪಿಂಚಣಿ ಬರುತ್ತಿದೆಯೇ, ಕೊನೆಯ ಸಲ ಸಭೆಯ ಕಡೆಯಿಂದ ಯಾರಾದರೂ ಹೋದದ್ದು ಯಾವಾಗ. ಪೆನ್ಸಿಲಿನಲ್ಲಿ ಬರೆಯಿರಿ, ಬದಲಾಗುತ್ತಲೇ ಇರುತ್ತದೆ. ಬರೆಯಬಾರದ್ದೂ ಇದೆ: ಸಾಲ, ಗಂಡ ಹೆಂಡಿರ ಜಗಳ, ಮಗನ ಕುಡಿತ. ಅವು ನಿಮಗೆ ತಿಳಿದೇ ತಿಳಿಯುತ್ತವೆ, ಆದರೆ ಕಾಗದದ ಮೇಲೆ ಬರಬಾರದು. ಈ ಪುಸ್ತಕದ ಪುಟವನ್ನು ಫೋಟೊ ತೆಗೆದು ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರು ಮರುದಿನವೇ ರಾಜೀನಾಮೆ ಕೊಡುವುದು ಒಳ್ಳೆಯದು.

ಬಿಟ್ಟುಹೋಗುವವರು ಯಾರು ಎಂಬುದು ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ. ಹಳೆಯ ಬಾಡಿಗೆ ಮನೆ ಬಿಟ್ಟು ಹಿನಕಲ್ಲಿಗೋ ಇಲವಾಲಕ್ಕೋ ಹೋದವರು. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದು ಮಂಡಿನೋವಿನಿಂದ ನಿಲ್ಲಿಸಿದವರು. ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ದಾದಿಯರು. ಸಭೆಯಲ್ಲಿ ಯಾರ ಮೇಲೋ ಮುನಿಸಿಕೊಂಡು ಹೋದವರು. ಇವರನ್ನು ಎಲ್ಲರೂ ಬೇಕೆಂದೇ ಮರೆಯುತ್ತಾರೆ. ಭಾನುವಾರ ಬಾಗಿಲ ಬಳಿ ನಿಂತು ಬಂದವರನ್ನು ನೋಡುವ ಬದಲು ಬಾರದವರನ್ನು ಗುರುತಿಸಿಕೊಳ್ಳಿ. ಸೋಮವಾರ ಫೋನು ಮಾಡಿ. ಎರಡು ವಾರ ಕಾಣದಿದ್ದರೆ ಮನೆಗೆ ಹೋಗಿ.

ಮನೆಗೆ, ಆಸ್ಪತ್ರೆಗೆ ಹೋಗುವಾಗ

ಒಬ್ಬರೇ ಹೋಗಬೇಡಿ. ಒಂಟಿಯಾಗಿರುವ ಹೆಂಗಸಿನ ಮನೆಗೆ ಗಂಡಸು ಒಬ್ಬನೇ ಹೋಗುವುದಂತೂ ಬೇಡವೇ ಬೇಡ. ನಮ್ಮಲ್ಲಿ ಹೆಂಗಸರೂ ಸಭಾಸೇವಕಿಯರಾಗಿದ್ದಾರೆ. ಕೆಂಕ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಹೆಸರು ಹಿಡಿದು ಒಪ್ಪಿಸಿಕೊಟ್ಟಿರುವಾಗ, ಹೆಂಗಸರು ಬೇಡ ಎಂದು ವಾದಿಸುವವರ ಜೊತೆ ನಾನು ಹೊತ್ತು ಕಳೆಯುವುದಿಲ್ಲ. ಅವರಿಲ್ಲದೆ ಅರ್ಧದಷ್ಟು ಮನೆಗಳ ಒಳಕೋಣೆಗೆ ಸಭೆ ಕಾಲಿಡುವುದೇ ಇಲ್ಲ.

ಮನೆಗೆ ಹೋದರೆ ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ. ಒಲೆ ಉರಿದಿದೆಯೇ? ಗ್ಯಾಸ್ ಸಿಲಿಂಡರ್ ಖಾಲಿಯೇ? ಮಾತ್ರೆಯ ಹಾಳೆಯಲ್ಲಿ ಎಷ್ಟು ಉಳಿದಿದೆ? ‘ಹೇಗಿದ್ದೀರಿ ಅಜ್ಜಿ’ ಎಂದು ಕೇಳಿದರೆ ‘ದೇವರ ಕೃಪೆಯಿಂದ ಚೆನ್ನಾಗಿದ್ದೇನಪ್ಪ’ ಎಂಬ ಉತ್ತರವೇ ಬರುವುದು, ಅದು ನಮ್ಮವರ ಅಭ್ಯಾಸ. ‘ಬೆಳಿಗ್ಗೆ ಏನು ತಿಂದಿರಿ’ ಎಂದು ಕೇಳಿ. ಆಗ ನಿಜ ಹೊರಗೆ ಬರುತ್ತದೆ.

ಕೆ.ಆರ್. ಆಸ್ಪತ್ರೆಗೋ ಚೆಲುವಾಂಬಕ್ಕೋ ಜಯದೇವಕ್ಕೋ ಹೋಗುವಾಗ ಹೂಗುಚ್ಛ ಬೇಡ. ರೋಗಿಗೆ ಆಸ್ಪತ್ರೆಯ ಊಟವಾದರೂ ಸಿಗುತ್ತದೆ. ಕಾವಲು ಕುಳಿತ ಮಗಳಿಗೋ ಸೊಸೆಗೋ ಸಿಗುವುದಿಲ್ಲ. ಊಟದ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ, ಮೊಬೈಲ್ ಚಾರ್ಜರು, ಒಂದು ಹಳೆಯ ಬೆಡ್‌ಶೀಟು ಅವರಿಗೆ. ಆಧಾರ್, ಪಡಿತರ ಚೀಟಿಯ ಜೆರಾಕ್ಸ್ ಪ್ರತಿಗಳು ಬೇಕಾಗಿದ್ದರೆ ಓಡಾಡಿ ಮಾಡಿಸಿಕೊಡಿ. ಪ್ರಾರ್ಥನೆ ಚಿಕ್ಕದಾಗಿರಲಿ, ದನಿ ತಗ್ಗಿರಲಿ. ಪಕ್ಕದ ಹಾಸಿಗೆಯವರೂ ಕಾಯಿಲೆಯವರೇ. ‘ನಮ್ಮ ದೊಡ್ಡಪ್ಪನಿಗೂ ಇದೇ ಆಗಿತ್ತು, ಉಳಿಯಲಿಲ್ಲ’ ಎಂಬ ಸಾಕ್ಷಿ ಹೇಳುವವರನ್ನು ಜೊತೆಗೆ ಕರೆದೊಯ್ಯಬೇಡಿ. ಅಂಥವರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ.

ಕೊಡುವುದು ಹೇಗೆ

ದಿನಸಿ ಚೀಲ ಎಂದರೆ ಅಕ್ಕಿ ಮೂಟೆ ಎಂದುಕೊಂಡವರು ಬಹಳ. ಮಂಡ್ಯದ ಕಡೆಯ ಮುದುಕರಿಗೆ ಮುದ್ದೆ ಇಲ್ಲದಿದ್ದರೆ ಊಟವಾದಂತಲ್ಲ. ಪಡಿತರದಲ್ಲಿ ಅಕ್ಕಿ ಬರುವ ಮನೆಗೆ ಇನ್ನಷ್ಟು ಅಕ್ಕಿ ಕೊಟ್ಟರೆ ಅದು ಅಂಗಡಿಗೆ ಹೋಗಿ ಮಾರಾಟವಾಗುತ್ತದೆ, ಬೈದು ಪ್ರಯೋಜನವಿಲ್ಲ. ರಾಗಿ ಹಿಟ್ಟು, ತೊಗರಿಬೇಳೆ, ಎಣ್ಣೆ, ಕಡಲೆಬೀಜ, ಬಟ್ಟೆ ಸೋಪು, ಕೇಳಿ ತಿಳಿದುಕೊಂಡು ಬೆಲ್ಲ ಅಥವಾ ಸಕ್ಕರೆ. ಒಳಗಿರುವುದು ಹೊರಗೆ ಕಾಣದ ಸಾದಾ ಚೀಲದಲ್ಲಿ, ಸಂಜೆ ಹೊತ್ತು, ಮನೆಬಾಗಿಲಿಗೆ ಕೊಂಡೊಯ್ಯಿರಿ. ವೇದಿಕೆಗೆ ಕರೆದು ಕೊಡುವುದು, ಕೊಡುತ್ತಿರುವ ಕೈ ಮತ್ತು ಪಡೆಯುತ್ತಿರುವ ಮುಖ ಎರಡೂ ಕಾಣುವಂತೆ ಫೋಟೊ ತೆಗೆಯುವುದು, ಇವನ್ನು ನಮ್ಮ ಸಭೆಯಲ್ಲಿ ಪೂರ್ತಿ ನಿಲ್ಲಿಸಿದ್ದೇವೆ. ದಾನಿಗಳು ಕೇಳಿದರೆ ರಸೀದಿ ಕೊಡಿ, ಫೋಟೊ ಬೇಡ. ನೆರೆಮನೆಯವರು ಯಾವ ಧರ್ಮದವರೇ ಆಗಿರಲಿ, ಕಷ್ಟಕ್ಕೆ ಸಹಾಯ ಮಾಡಿ. ಆದರೆ ಆ ಚೀಲದ ಜೊತೆ ‘ಭಾನುವಾರ ಸಭೆಗೆ ಬನ್ನಿ’ ಎಂಬ ಮಾತು ಸೇರಬಾರದು. ಹಸಿದವರ ಮುಂದೆ ಷರತ್ತು ಇಟ್ಟಂತೆ ಆಗುತ್ತದೆ.

ಜೂನ್ ತಿಂಗಳು ಬಂದರೆ ಶಾಲೆಯ ಶುಲ್ಕಕ್ಕಾಗಿ ಕೇಳುವವರು ಬರುತ್ತಾರೆ. ಹಣವನ್ನು ಕೈಗೆ ಕೊಡದೆ ಶಾಲೆಗೇ ಕಟ್ಟಿ ರಸೀದಿ ತನ್ನಿ. ನಿಮ್ಮ ಸ್ವಂತ ಜೇಬಿನಿಂದ ಸಾಲ ಕೊಡಬೇಡಿ. ಸಾಲ ಪಡೆದವನು ಹಿಂದಿರುಗಿಸಲಾಗದೆ ನಿಮ್ಮ ಮುಖ ತಪ್ಪಿಸಲು ಸಭೆಗೆ ಬರುವುದನ್ನೇ ಬಿಡುತ್ತಾನೆ. ನೂರಕ್ಕೆ ತೊಂಬತ್ತು ಪಾಲು ಹೀಗೆಯೇ ಆಗುವುದು. ಸಭೆಯವರ ನಡುವೆ ಚೀಟಿ ನಡೆಸುವುದಂತೂ ಕೂಡದು. ಚೀಟಿ ಮುರಿದು ಎರಡಾದ ಸಭೆಗಳನ್ನು ನಾನು ಕಂಡಿದ್ದೇನೆ, ಉಪದೇಶದ ವಿಷಯಕ್ಕೆ ಒಡೆದವು ಅದಕ್ಕಿಂತ ಕಡಿಮೆ.

ಸಭೆಯ ಹುಂಡಿಯಿಂದ ಕೊಡುವುದಕ್ಕಿಂತ ಸರ್ಕಾರದಿಂದ ನ್ಯಾಯವಾಗಿ ಬರಬೇಕಾದದ್ದನ್ನು ತರಿಸಿಕೊಡುವುದು ದೊಡ್ಡ ಸಹಾಯ. ವಿಧವಾ ವೇತನ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ, ಇವುಗಳ ಅರ್ಜಿ ನಾಡಕಚೇರಿಯಲ್ಲಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣ ಪತ್ರ, ವಿಧವೆಯಾದರೆ ಗಂಡನ ಮರಣ ಪ್ರಮಾಣ ಪತ್ರ ಒಂದೇ ಕಡತದಲ್ಲಿ ಸೇರಿಸಿಕೊಂಡು ಅಜ್ಜಿಯ ಜೊತೆ ನೀವೂ ಹೋಗಿ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇರುವುದು ನಮ್ಮವರಲ್ಲಿ ಸಾಮಾನ್ಯ: ಮನೆಯವರು ಕರೆಯುವ ಹೆಸರು ಒಂದು, ದೀಕ್ಷಾಸ್ನಾನದ ಹೆಸರು ಇನ್ನೊಂದು. ಅದನ್ನು ಮೊದಲು ಸರಿಪಡಿಸಿ, ಆಮೇಲೆ ಅರ್ಜಿ. ಸರ್ಕಾರಿ ಪಿಂಚಣಿದಾರರು ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡದಿದ್ದರೆ ಮುಂದಿನ ತಿಂಗಳುಗಳಲ್ಲಿ ಪಿಂಚಣಿ ನಿಲ್ಲುತ್ತದೆ; ಹಾಸಿಗೆ ಹಿಡಿದವರಿದ್ದರೆ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಿ. ಗೃಹಲಕ್ಷ್ಮಿ ಹಣ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ ಬರುವುದು. ಅತ್ತೆ ತೀರಿಕೊಂಡ ಮನೆಯಲ್ಲಿ ಚೀಟಿ ತಿದ್ದಿಸದೆ ಸೊಸೆ ಕಾಯುತ್ತಾ ಕುಳಿತರೆ ಏನೂ ಬರುವುದಿಲ್ಲ.

ಕಾಣಿಕೆ

ಇಲ್ಲಿ ನಂಬಿಕೆಯ ಮಾತು ಬೇಡ, ಲೆಕ್ಕದ ಮಾತು ಬೇಕು. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಸಾಗಿಸುವಾಗ ಪೌಲನು ತಾನೊಬ್ಬನೇ ಕೈಹಾಕಲಿಲ್ಲ. ಯಾರೂ ತಪ್ಪು ಹೊರಿಸದಂತೆ, ದೇವರ ಎದುರಿಗಷ್ಟೇ ಅಲ್ಲ ಮನುಷ್ಯರ ಎದುರಿಗೂ ಸರಿಯಾಗಿರಬೇಕೆಂದು ಸಭೆಗಳು ಆರಿಸಿದವನನ್ನೂ ಜೊತೆಗೆ ಸೇರಿಸಿಕೊಂಡನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿದೆ. ‘ನನ್ನ ಮೇಲೆ ನಂಬಿಕೆ ಇಲ್ಲವೇ’ ಎಂದು ಸಿಟ್ಟಾಗುವ ಖಜಾಂಚಿಗೆ ಈ ಅಧ್ಯಾಯ ತೋರಿಸಿ.

ಕಾಣಿಕೆ ಚೀಲ ಸುತ್ತಿ ಬಂದ ಮೇಲೆ ಅದು ಕಣ್ಣಿಗೆ ಕಾಣುವಲ್ಲಿ ಇರಬೇಕು. ಆರಾಧನೆ ಮುಗಿದ ಕೂಡಲೇ ಇಬ್ಬರು ಎಣಿಸಬೇಕು. ಆ ಇಬ್ಬರು ಗಂಡ ಹೆಂಡತಿಯಾಗಲಿ ಅಣ್ಣ ತಮ್ಮಂದಿರಾಗಲಿ ಆಗಿರಬಾರದು. 500ರ ನೋಟು ಎಷ್ಟು, 200 ಎಷ್ಟು, 100 ಎಷ್ಟು, ನಾಣ್ಯ ಎಷ್ಟು ಎಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ದಶಮಾಂಶದ (ಆದಾಯದ ಹತ್ತನೆಯ ಒಂದು ಪಾಲಿನ ಕಾಣಿಕೆಯ) ಲಕೋಟೆಗಳನ್ನು ಬೇರೆ ಎಣಿಸಿ. ಯಾರು ಎಷ್ಟು ಕೊಟ್ಟರೆಂಬುದು ಆ ಮೇಜು ಬಿಟ್ಟು ಹೊರಗೆ ಹೋಗಬಾರದು, ನಿಮ್ಮ ಹೆಂಡತಿಯ ಕಿವಿಗೂ. ಹಣ ಸೋಮವಾರ ಬ್ಯಾಂಕಿಗೆ ಹೋಗಬೇಕು. ‘ತುರ್ತು ಖರ್ಚಿಗೆ ಇರಲಿ’ ಎಂದು ಮನೆಯ ಬೀರುವಿನಲ್ಲಿ ಇಟ್ಟುಕೊಳ್ಳುವುದೇ ಎಲ್ಲ ತೊಂದರೆಗಳ ಮೂಲ. ಈಗ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸುತ್ತೇವೆ. ಅದನ್ನು ಸ್ಕ್ಯಾನ್ ಮಾಡಿದಾಗ ಸಭೆಯ ಹೆಸರೇ ಬರಬೇಕು. ಪಾಸ್ಟರ್ ಅವರ ಹೆಸರು ಬಂದರೆ ಆ ಕಾಗದವನ್ನು ಅವತ್ತೇ ಕೀಳಿ. ವಿದೇಶದಲ್ಲಿರುವ ನೆಂಟರು ಪ್ರೀತಿಯಿಂದ ಸಭೆಯ ಖಾತೆಗೆ ಹಣ ಕಳುಹಿಸುತ್ತೇವೆ ಎಂದರೆ ತಡೆಯಿರಿ, ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇದೆಯೇ ಎಂದು ಲೆಕ್ಕಪರಿಶೋಧಕರನ್ನು ಕೇಳದೆ ಒಪ್ಪಬೇಡಿ.

ಸಭೆಯವರು ಕಾಣಿಕೆಯಾಗಿ ತಂದದ್ದನ್ನು ಕೂಗಿ ಮಾರುವ ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಬಾಳೆಗೊನೆ, ಕುಂಬಳಕಾಯಿ, ನಾಟಿ ಕೋಳಿ, ಮಂಡ್ಯದ ಅಚ್ಚು ಬೆಲ್ಲ, ಹಲಸಿನ ಹಣ್ಣು ಎಲ್ಲ ಬರುತ್ತದೆ. ಹುರುಪಿನಲ್ಲಿ ಒಂದು ನಿಂಬೆಹಣ್ಣನ್ನು ಸಾವಿರಕ್ಕೆ ಕೂಗಿದವರು ಮರುವಾರ ‘ಅದು ತಮಾಷೆಗೆ’ ಎನ್ನುತ್ತಾರೆ. ಕೂಗಿದ್ದನ್ನು ಅಲ್ಲೇ ಬರೆದು, ವಸ್ತು ಕೊಡುವಾಗಲೇ ಹಣ ಪಡೆಯಿರಿ. ಬಡವರು ತಂದ ಒಂದು ಹಿಡಿ ಹುರುಳಿಯನ್ನೂ ಹೆಸರಿಲ್ಲದೆ, ಅದೇ ದನಿಯಲ್ಲಿ ಕೂಗಿಸಿ.

ಸಂತ ಲಾರೆನ್ಸನ ಕಥೆ ನೀವು ಕೇಳಿರಬಹುದು. ರೋಮಿನ ಸಭಾಸೇವಕ, ಕ್ರಿ.ಶ. 258ರಲ್ಲಿ ಕೊಲ್ಲಲ್ಪಟ್ಟವನು. ಸಭೆಯ ಸಂಪತ್ತನ್ನು ಒಪ್ಪಿಸು ಎಂದು ಅಧಿಕಾರಿ ಕೇಳಿದಾಗ ಮೂರು ದಿನ ಸಮಯ ಪಡೆದು, ಊರಿನ ಬಡವರನ್ನೆಲ್ಲ ಕರೆತಂದು ‘ಇವರೇ ನಮ್ಮ ಸಂಪತ್ತು’ ಎಂದನಂತೆ. ಪ್ರಸಂಗಿಗಳು ಆ ಮಾತನ್ನು ಹೊಗಳುತ್ತಾರೆ. ನನಗೆ ಹೊಳೆಯುವುದು ಬೇರೆ: ಮೂರು ದಿನದಲ್ಲಿ ಅಷ್ಟು ಜನರನ್ನು ಕೂಡಿಸಬೇಕಾದರೆ ಅವನ ಬಳಿ ಎಷ್ಟು ಒಳ್ಳೆಯ ಪಟ್ಟಿ ಇದ್ದಿರಬೇಕು!

ಕರ್ತನ ಭೋಜನ, ಪ್ರೀತಿ ಭೋಜನ

ಕರ್ತನ ಭೋಜನ ಎಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ತಿಂಗಳ ಮೊದಲ ಭಾನುವಾರ ನಡೆಯುವ ಅದಕ್ಕೆ ದ್ರಾಕ್ಷಾರಸ ಶನಿವಾರವೇ ಸಿದ್ಧವಾಗಬೇಕು. ನಾವು ಮದ್ಯ ಬಳಸುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಬೀಜವಿರುವ ‘ಬೆಂಗಳೂರು ಬ್ಲೂ’ ದ್ರಾಕ್ಷಿ ಸಿಕ್ಕರೆ ಅದೇ ಒಳ್ಳೆಯದು, ಬಣ್ಣವೂ ಹುಳಿಯೂ ಇರುತ್ತದೆ. ತೊಳೆದು, ಸ್ವಲ್ಪವೇ ನೀರಿನಲ್ಲಿ ಸಿಪ್ಪೆ ಒಡೆಯುವವರೆಗೆ ಕುದಿಸಿ, ಹಿಸುಕಿ, ತೆಳುಬಟ್ಟೆಯಲ್ಲಿ ಸೋಸಿ, ಆರಿಸಿ ಫ್ರಿಜ್ಜಿನಲ್ಲಿಡಿ. ಬೇಸಿಗೆಯಲ್ಲಿ ಹೊರಗಿಟ್ಟರೆ ಹುದುಗು ಬರುತ್ತದೆ. ಪುಟ್ಟ ಬಟ್ಟಲುಗಳಲ್ಲಿ ಕೊಡುವ ಪದ್ಧತಿಯಾದರೆ ನೂರು ಜನರಿಗೆ ಒಂದೂವರೆ ಲೀಟರ್ ಧಾರಾಳವಾಗಿ ಸಾಕು. ಬಟ್ಟಲುಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಕವುಚಿಡಿ. ಸೋಪಿನ ವಾಸನೆ ಉಳಿದರೆ ಜನ ಮುಖ ಸಿಂಡರಿಸುತ್ತಾರೆ. ಸಭೆಗೆ ಬರಲಾಗದವರಿಗೆ ಅದೇ ಮಧ್ಯಾಹ್ನ ಪಾಸ್ಟರ್ ಅವರೊಂದಿಗೆ ಮನೆಗೆ ಹೋಗಿ. ಯಾರ ಮನೆಗೆ ಎಂಬುದು ನಿಮ್ಮ ಪುಸ್ತಕದಲ್ಲೇ ಇದೆ.

ಕ್ರಿಸ್‌ಮಸ್‌ನ ಪ್ರೀತಿ ಭೋಜನದಲ್ಲಿ ಬಿರಿಯಾನಿ ಮುಗಿದುಹೋಗುವುದು ಯಾರಿಗೆ? ಪಾತ್ರೆ ಹೊತ್ತವರಿಗೆ, ಮೊಣಕಾಲು ನೋವಿನವರಿಗೆ, ತಡವಾಗಿ ಪಾಳಿ ಮುಗಿಸಿ ಬಂದವರಿಗೆ. ಕೊರಿಂಥದ ಸಭೆಯಲ್ಲೂ ಮೊದಲು ಬಂದವರು ತಿಂದು ಮುಗಿಸಿ ಬಡವರು ಹಸಿದಿದ್ದರೆಂದು ಪೌಲನು ಗದರಿದ್ದಾನೆ. ಮುದುಕರನ್ನು, ಮಕ್ಕಳ ತಾಯಂದಿರನ್ನು ಕೂರಿಸಿ ಬಡಿಸಿ, ಒಂದು ಪಾತ್ರೆಯನ್ನು ಮೊದಲೇ ಎತ್ತಿಡಿ. ಸಭಾಸೇವಕರ ಊಟ ಕೊನೆಗೆ.

ಸಾವಿನ ಮನೆ

ಇದು ಹೊಸಬರಿಗೆ ಯಾರೂ ಕಲಿಸದ ಕೆಲಸ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಫೋನು ಬರುವುದು ಹೆಚ್ಚಾಗಿ ನಸುಕಿನಲ್ಲಿ. ಹೋದ ಕೂಡಲೇ ಮನೆಯವರಲ್ಲಿ ಅಳದೆ ಮಾತನಾಡಬಲ್ಲ ಒಬ್ಬರನ್ನು ಗುರುತಿಸಿಕೊಳ್ಳಿ. ಮುಂದಿನ ಎಲ್ಲ ಪ್ರಶ್ನೆ ಅವರಿಗೆ ಮಾತ್ರ. ಮನೆಯಲ್ಲೇ ತೀರಿಕೊಂಡಿದ್ದರೆ ಮೊದಲು ವೈದ್ಯರನ್ನು ಕರೆಸಿ ಸಾವಿನ ಪ್ರಮಾಣ ಪತ್ರ ಪಡೆಯಿರಿ. ಅದಿಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಮಗನೋ ಮಗಳೋ ದೂರದಿಂದ ಬರಬೇಕಿದ್ದರೆ ಫ್ರೀಜರ್ ಪೆಟ್ಟಿಗೆಗೆ ಹೇಳಿ, ಆ ಮನೆಯಲ್ಲಿ ವಿದ್ಯುತ್ ಪ್ಲಗ್ ಎಲ್ಲಿದೆ ಎಂದು ನೋಡಿಕೊಳ್ಳಿ.

ನಮ್ಮಂಥ ಸಣ್ಣ ಸಭೆಗಳಿಗೆ ಸ್ವಂತ ಸಮಾಧಿ ಸ್ಥಳ ಇರುವುದಿಲ್ಲ. ಯಾವ ಸಮಾಧಿ ಸ್ಥಳದವರು ಯಾರಿಗೆ ಜಾಗ ಕೊಡುತ್ತಾರೆ, ಶುಲ್ಕ ಎಷ್ಟು, ಯಾರ ಪತ್ರ ಬೇಕು, ಬೀಗದ ಕೈ ಯಾರ ಬಳಿ, ಹಳ್ಳ ತೋಡುವವರ ಫೋನ್ ಸಂಖ್ಯೆ ಯಾವುದು ಎಂಬುದನ್ನೆಲ್ಲ ಯಾರೂ ಸಾಯದ ದಿನಗಳಲ್ಲೇ ಹೋಗಿ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. ಅವತ್ತು ಕೇಳುತ್ತಾ ಹೋದರೆ ಸಂಜೆಯಾಗುತ್ತದೆ. ಬೇಸಿಗೆಯಲ್ಲಿ ನೆಲ ಗಟ್ಟಿ, ತೋಡಲು ಹೊತ್ತು ಹಿಡಿಯುತ್ತದೆ. ಮಳೆಗಾಲದಲ್ಲಿ ನೀರು ಎತ್ತಿಹಾಕಲು ಬಕೆಟ್ ಬೇಕು. ಸಮಯ ಗೊತ್ತುಮಾಡುವ ಮುಂಚೆ ಅವರನ್ನು ಕೇಳಿ. ದಸರಾ ದಿನಗಳಲ್ಲಿ ರಸ್ತೆ ಮುಚ್ಚಿರುತ್ತದೆ, ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆ, ಬನ್ನಿಮಂಟಪದ ಕಡೆ ಶವವಾಹನ ತೆಗೆದುಕೊಂಡು ಹೋಗುವ ಯೋಚನೆಯೇ ಬೇಡ.

ಶವಪೆಟ್ಟಿಗೆಗೆ ಎತ್ತರ ಮಾತ್ರವಲ್ಲ, ಭುಜದ ಅಗಲವನ್ನೂ ಅಳೆಯಿರಿ. ಎರಡನೆಯ, ಮೂರನೆಯ ಅಂತಸ್ತಿನ ಮನೆಯಾದರೆ ಮೆಟ್ಟಿಲಿನ ತಿರುವನ್ನೂ ಅಳೆಯಿರಿ. ಪೆಟ್ಟಿಗೆ ತಿರುಗದಿದ್ದರೆ ಅದನ್ನು ಕೆಳಗೇ ಇಟ್ಟು, ದೇಹವನ್ನು ಸ್ಟ್ರೆಚರಿನಲ್ಲಿ ಇಳಿಸಿ ತರಬೇಕು. ಇದನ್ನು ಜನ ಸೇರುವ ಮುಂಚೆಯೇ ತೀರ್ಮಾನಿಸಿಕೊಳ್ಳಿ. ಇಳಿಸಲು ಗಟ್ಟಿಯಾದ ಹಗ್ಗ ನಿಮ್ಮ ಬಳಿಯೇ ಇರಲಿ. ಹಗ್ಗ ಹಿಡಿಯುವವರು ಒಂದೇ ಎತ್ತರದವರಾಗಿದ್ದರೆ ಒಳ್ಳೆಯದು. ಕೀರ್ತನೆಗಳ ಹಾಳೆ, ಕುಡಿಯುವ ನೀರು, ಮುದುಕರಿಗೆ ನಾಲ್ಕು ಕುರ್ಚಿ. ಹಳ್ಳಿಯಿಂದ ಬಂದವರಿಗೆ ಹಿಂದಿರುಗುವ ಮುನ್ನ ಚಹಾ ಮತ್ತು ಬನ್ನು. ಖರ್ಚಿನ ಮಾತನ್ನು ಆ ದಿನ ಎತ್ತಬೇಡಿ, ಆದರೆ ಪ್ರತಿ ರಸೀದಿಯನ್ನೂ ಜೇಬಿನಲ್ಲಿಟ್ಟುಕೊಳ್ಳಿ.

ಆಮೇಲಿನ ಕೆಲಸ: ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ತಡವಾದರೆ ದಂಡ, ಅಫಿಡವಿಟ್, ಅಲೆದಾಟ. ಪ್ರಮಾಣ ಪತ್ರದ ಹಲವು ಪ್ರತಿಗಳನ್ನು ಒಟ್ಟಿಗೇ ಪಡೆಯಿರಿ. ಬ್ಯಾಂಕು, ವಿಮೆ, ಪಿಂಚಣಿ, ಪಡಿತರ ಚೀಟಿ ಎಲ್ಲದಕ್ಕೂ ಬೇಕು. ನೆಂಟರೆಲ್ಲ ಊರಿಗೆ ಹೋದ ಮೇಲೆ, ಎಂಟು ಹತ್ತು ದಿನ ಕಳೆದು ಮತ್ತೆ ಹೋಗಿ. ಪುಸ್ತಕದಲ್ಲಿ ಆ ಮನೆಯ ಪುಟವನ್ನು ಹೊಸದಾಗಿ ಬರೆಯಬೇಕಾಗುವುದು ಆಗಲೇ.

ಕಟ್ಟಡದ ಕೆಲಸ ಹೇಳಿಕೊಡಬೇಕಾದದ್ದೇನಲ್ಲ: ಗುಡಿಸುವುದು, ನೀರಿನ ಟ್ಯಾಂಕ್, ಫ್ಯೂಸು, ಶೌಚಾಲಯದ ಬಲ್ಬು. ನೆರೆಹೊರೆಯ ಬಗ್ಗೆ ಮಾತ್ರ ಎರಡು ಮಾತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎಂಬುದು 2000ದ ಶಬ್ದಮಾಲಿನ್ಯ ನಿಯಮ. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಹೊರಗಿನ ಪೆಟ್ಟಿಗೆಯನ್ನು ಆರಿಸುವ ಕೈ ನಿಮ್ಮದೇ ಆಗಿರಲಿ. ಕ್ರಿಸ್‌ಮಸ್‌ನ ಕಲ್‌ಕಲ್, ರೋಸ್‌ಕುಕ್ಕಿ, ಕೇಕಿನ ತಟ್ಟೆ ಎಡಬಲದ ಮನೆಗಳಿಗೆ ತಪ್ಪದೆ ಹೋಗಲಿ.

ಪಾಸ್ಟರ್ ಮತ್ತು ನಾಲಿಗೆ

ನೀವು ಪಾಸ್ಟರ್ ಅವರ ಡ್ರೈವರ್ ಅಲ್ಲ, ಅವರ ಮೇಲಿನ ಇನ್‌ಸ್ಪೆಕ್ಟರೂ ಅಲ್ಲ. ಅವರು ವಾಕ್ಯಕ್ಕೂ ಪ್ರಾರ್ಥನೆಗೂ ಸಮಯ ಕೊಡಲಿ ಎಂದೇ ನಿಮ್ಮನ್ನು ಆರಿಸಿದ್ದು. ಅವರ ಮನೆಯ ಬಾಡಿಗೆ, ಮಕ್ಕಳ ಶುಲ್ಕ ಸಮಯಕ್ಕೆ ಸಂದಾಯವಾಗಿದೆಯೇ ಎಂದು ನೋಡುವುದೂ ನಿಮ್ಮ ಕೆಲಸವೇ. ಕೇಳಲು ಅವರು ನಾಚಿಕೊಳ್ಳುತ್ತಾರೆ. ತಕರಾರಿದ್ದರೆ ಅವರ ಮನೆಗೆ ಹೋಗಿ ಅವರಿಗೇ ಹೇಳಿ.

ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಸಭಾಸೇವಕರಿಗೆ ಬೇಕಾದ ಗುಣಗಳಿವೆ. ಬೋಧಿಸುವ ಸಾಮರ್ಥ್ಯ ಬೇಕೆಂದು ಅಲ್ಲಿ ಹೇಳಿಲ್ಲ, ಅದನ್ನು ಕೇಳಿರುವುದು ಸಭಾಧ್ಯಕ್ಷರಿಂದ, ಅಂದರೆ ಸಭೆಯ ಮೇಲ್ವಿಚಾರಕರಿಂದ. ಇವರಿಂದ ಕೇಳಿರುವುದು ಎರಡು ಮಾತಿನವರಾಗಿರಬಾರದು, ಕುಡಿತಕ್ಕೆ ಬಿದ್ದಿರಬಾರದು, ಹಣದ ಆಸೆಯಿರಬಾರದು, ಮನೆಯನ್ನು ಚೆನ್ನಾಗಿ ನಡೆಸುವವರಾಗಿರಬೇಕು, ಮೊದಲು ಪರೀಕ್ಷೆಗೆ ಒಳಗಾಗಿರಬೇಕು ಎಂದು. ಕೂಡದು ಎಂದವುಗಳಲ್ಲಿ ಎರಡು ಮಾತು ಮೊದಲು ಬಂದಿರುವುದು ಸುಮ್ಮನೆ ಅಲ್ಲ. ದಿನಕ್ಕೆ ನಾಲ್ಕು ಮನೆ ತಿರುಗುವವನು ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಹೊತ್ತರೆ ತಿಂಗಳೊಳಗೆ ಯಾವ ಮನೆಯಲ್ಲೂ ಅವನಿಗೆ ಬಾಗಿಲು ತೆರೆಯುವುದಿಲ್ಲ. ಯಾರಾದರೂ ‘ಆ ಮನೆಯಲ್ಲಿ ಏನಂತೆ?’ ಎಂದು ಕೇಳಿದರೆ ‘ಪ್ರಾರ್ಥನೆ ಮಾಡಿ’ ಎನ್ನಿ. ಅದಕ್ಕಿಂತ ಹೆಚ್ಚು ಹೇಳಬೇಡಿ. ‘ವಿವರ ತಿಳಿದರೆ ಚೆನ್ನಾಗಿ ಪ್ರಾರ್ಥಿಸಬಹುದಲ್ಲ’ ಎನ್ನುವವರ ಜಾಣತನಕ್ಕೂ ಬೀಳಬೇಡಿ.

ಅವಧಿ ಮುಗಿದಾಗ

ಮೂರು ವರ್ಷ ಕಳೆದ ಮೇಲೆ ಕೆಲವರು ಬೀಗದ ಕೈಯನ್ನು ಕೊಡುತ್ತಾರೆ, ವಿಷಯವನ್ನು ಕೊಡುವುದಿಲ್ಲ. ಹೊಸಬರನ್ನು ಒಂದು ತಿಂಗಳು ಜೊತೆಯಲ್ಲಿ ಮನೆ ಮನೆಗೆ ಕರೆದೊಯ್ಯಿರಿ. ಯಾವ ಅಜ್ಜಿಗೆ ಎಡಗಿವಿ ಕೇಳುವುದಿಲ್ಲ, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾರಿಗೆ ಚೀಲ ಕೊಡಲು ಹಿಂಬಾಗಿಲಿನಿಂದ ಹೋಗಬೇಕು ಎಂಬುದನ್ನು ಬಾಯಲ್ಲೇ ಹೇಳಿ. ಬ್ಯಾಂಕ್ ಖಾತೆಯ ಸಹಿ ಬದಲಾಯಿಸಲು ಸಮಿತಿಯ ನಿರ್ಣಯದ ಪ್ರತಿ, ಹಳಬರು ಹೊಸಬರು ಇಬ್ಬರ ಆಧಾರ್ ಮತ್ತು ಪ್ಯಾನ್, ಫೋಟೊಗಳು ಬೇಕು. ಒಂದೇ ಭೇಟಿಯಲ್ಲಿ ಅದು ಮುಗಿಯುವುದಿಲ್ಲ ಎಂದುಕೊಂಡೇ ಹೊರಡಿ, ಸೋಮವಾರ ಮಾತ್ರ ಹೋಗಬೇಡಿ, ಅವತ್ತು ಜನ ಜಾಸ್ತಿ.